ನಡುವಿನ ಚೆಂಡು

ಅರವತ್ತು ದಾಟಿದ ಮೇಲೆ ನಾನು ಮೊದಲ ಸಲ ಬೂಟು ಹಾಕಿಕೊಂಡೆ. ಅಂಗನವಾಡಿ ಕೆಲಸದಿಂದ ನಿವೃತ್ತಳಾಗಿ ಒಂದು ವರ್ಷವಾಗಿತ್ತು. ನಮ್ಮ ಗುಡಗೇರಿಯ ಡ್ರಿಲ್ ಮಾಸ್ತರರು, ಅವರೂ ನಿವೃತ್ತರೇ, ಪುಣೆಯ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬರುವಾಗ ಒಂದು ಚೀಲದಲ್ಲಿ ನಾಲ್ಕು ಕಟ್ಟಿಗೆ ಬ್ಯಾಟು, ಒಂದು ನೆಟ್ಟು, ತೂತು ತೂತಾದ ಪ್ಲಾಸ್ಟಿಕ್ ಚೆಂಡುಗಳನ್ನು ತಂದಿದ್ದರು. ಆಟದ ಹೆಸರು ಪಿಕಲ್‌ಬಾಲ್ ಅಂದಾಗ ಓಣಿಯವರೆಲ್ಲ ಉಪ್ಪಿನಕಾಯಿ ಚೆಂಡು ಅಂತ ನಕ್ಕರು.

ಸ್ಟೇಶನ್ ಕಡೆಗೆ ಒಂದು ಗೋದಾಮು ಇದೆ. ಅದರ ಮುಂದೆ ಕಾಳು ಒಣಗಿಸುವ ಕಾಂಕ್ರೀಟ್ ಅಂಗಳ. ಮಾಸ್ತರರು ಅಲ್ಲಿ ಸುಣ್ಣದಿಂದ ಗೆರೆ ಎಳೆದು, ನೆಟ್ಟು ಕಟ್ಟಿ, ಮುಂಜಾನೆ ವಾಕಿಂಗ್ ಬರುವವರನ್ನೆಲ್ಲ ಹಿಡಿದು ನಿಲ್ಲಿಸತೊಡಗಿದರು. ಗಂಡಸರು ನಾಲ್ಕು ದಿನ ಆಡಿ ಮೊಣಕಾಲು ನೋವೆಂದು ಬಿಟ್ಟರು. ಉಳಿದವರು ಹೆಣ್ಣುಮಕ್ಕಳು ನಾವು ಏಳು ಮಂದಿ. ಅದರಲ್ಲಿ ನನ್ನ ನೆಗೆಣ್ಣಿಯೂ ಒಬ್ಬರು, ನನ್ನ ಗಂಡನ ಅಣ್ಣನ ಹೆಂಡತಿ.

ನಾನು ಅವರನ್ನು ಅಕ್ಕಾ ಅಂತಲೇ ಕರೆಯುತ್ತಿದ್ದೆ, ಆದರೆ ಬಹುವಚನದಲ್ಲಿ. ನನಗಿಂತ ಐದು ವರ್ಷ ದೊಡ್ಡವರು. ನಾನು ಸೊಸೆಯಾಗಿ ಬಂದಾಗ ಅವರು ಆಗಲೇ ಆ ಮನೆಯ ಒಲೆಯ ಮುಂದೆ ಇದ್ದರು. ಇಪ್ಪತ್ತೈದು ವರ್ಷ ಒಂದೇ ಅಡುಗೆಮನೆಯಲ್ಲಿ ರೊಟ್ಟಿ ಬಡಿದೆವು. ನಾನು ಅಂಗನವಾಡಿಗೆ ಹೋದರೆ ನನ್ನ ಮಕ್ಕಳ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದವರು ಅವರೇ. ಆಮೇಲೆ ಮನೆ ಪಾಲಾಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು. ಯಾರು ಯಾರಿಗೆ ಏನು ಅಂದರು ಎಂಬುದು ಈಗ ಬೇಡ. ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುವಷ್ಟು ಸಂಬಂಧ ಉಳಿಯಿತು, ಕೂತು ಮಾತಾಡುವಷ್ಟು ಉಳಿಯಲಿಲ್ಲ. ಹದಿನೈದು ವರ್ಷ ಹಾಗೇ ಕಳೆದೆವು.

ಮಾಸ್ತರರಿಗೆ ಇದು ಗೊತ್ತಿತ್ತೋ ಇಲ್ಲವೋ, ನಮ್ಮಿಬ್ಬರನ್ನೇ ಒಂದು ಜೋಡಿ ಮಾಡಿದರು. ಮೊದಲ ದಿನ ನಿಯಮ ಹೇಳುತ್ತ, ನೆಟ್ಟಿನ ಹತ್ತಿರದ ಪಟ್ಟಿಗೆ ಕಿಚನ್ ಅಂತಾರೆ, ಅದರೊಳಗೆ ನಿಂತು ಚೆಂಡು ನೆಲಕ್ಕೆ ಬೀಳುವ ಮೊದಲು ಹೊಡೆಯುವಂತಿಲ್ಲ ಅಂದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಕೇಳಿದರು, “ಅಂದ್ರ ಅಡಗಿಮನ್ಯಾಗ ಕಾಲಿಟ್ಟು ಹೊಡದ್ರ ತಪ್ಪೇನ್ರಿ ಮಾಸ್ತರ?”

“ಹೌದ್ರಿ, ತಪ್ಪು.”

“ಇದನ್ನ ನಮ್ಮತ್ತಿಗೆ ಯಾರಾರ ಮೊದಲ ಹೇಳಬೇಕಿತ್ತು ನೋಡ್ರಿ.”

ನಾನು ನಕ್ಕುಬಿಟ್ಟೆ. ಅಕ್ಕ ನನ್ನ ಕಡೆ ತಿರುಗಿ ನೋಡಿದರು, ಅವರೂ ನಕ್ಕರು. ಹದಿನೈದು ವರ್ಷದ ನಂತರ ನಾವಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಅವತ್ತು.

ಆಟ ನಮಗೆ ಬೇಗ ಬಂತು. ಬಿಸಿ ಪಾತ್ರೆ ಹಿಡಿದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದೆ ಇಪ್ಪತ್ತೈದು ವರ್ಷ ಓಡಾಡಿದವರಿಗೆ ಆ ಅಂಗಳ ದೊಡ್ಡದೇ. ನಾನು ಮುಂದೆ ಹೋದರೆ ಅವರು ಹಿಂದೆ ಸರಿಯುತ್ತಿದ್ದರು. ಇಬ್ಬರ ನಡುವೆ ಚೆಂಡು ಬಂದರೆ ಅವರದೇ ಕೂಗು ಮೊದಲು: “ನಂದವಾ, ಬಿಡು!” ಆರು ಗಂಟೆಗೆ ಅವರ ಬಾಗಿಲು ಸಪ್ಪಳಾದರೆ ನಾನು ಬೂಟಿನ ದಾರ ಕಟ್ಟುತ್ತಿದ್ದೆ. ಹೋಗುತ್ತ ಮಾತು, ಬರುತ್ತ ಮಾತು. ಸೊಸೆಯಂದಿರ ಮಾತು, ಸಕ್ಕರೆ ಕಾಯಿಲೆಯ ಮಾತು, ಯಾರಿಗೂ ಹೇಳಿಕೊಳ್ಳದ ಹಳೆಯ ಮಾತುಗಳು. ಹೆಸರುಕಾಳಿನ ಸುಗ್ಗಿ ಬಂದು ಅಂಗಳದ ತುಂಬ ಕಾಳು ಹರವಿದಾಗ ಮೂರು ವಾರ ಆಟ ನಿಂತಿತು. ಆ ಮೂರು ವಾರವೂ ಇಬ್ಬರೂ ಅಲ್ಲಿಯ ತನಕ ನಡೆದು ಹೋಗಿ, ಕಾಳು ನೋಡಿ ವಾಪಸು ಬರುತ್ತಿದ್ದೆವು.

ಎರಡನೆಯ ವರ್ಷದ ಚಳಿಗಾಲಕ್ಕೆ ಅಕ್ಕನ ಆಟ ಕೆಟ್ಟಿತು. ಸುಲಭದ ಚೆಂಡು ಬಿಡತೊಡಗಿದರು. ನನ್ನ ಬಲಕ್ಕೆ ನಿಂತಾಗ ನಮ್ಮಿಬ್ಬರ ನಡುವಿನ ಚೆಂಡು ಬಿಡುತ್ತಿದ್ದರು, ಎಡಕ್ಕೆ ನಿಂತಾಗ ಹೊರಗೆರೆಯ ಪಕ್ಕದ್ದು. ಎರಡೂ ಅವರ ಎಡಗಡೆಯವೇ ಎಂಬುದು ನನಗೆ ಹೊಳೆಯಲಿಲ್ಲ. ನನಗೆ ಕಂಡದ್ದು ನಡುವಿನ ಚೆಂಡು ಮಾತ್ರ. ಬೇಕಂತಲೇ ನನಗೆ ಬಿಡುತ್ತಾರೆ, ನಾನು ಓಡಲಿ ಅಂತ, ಹಳೆಯದೇನೋ ಇನ್ನೂ ಮನಸ್ಸಿನಲ್ಲಿದೆ ಅಂತ ಅಂದುಕೊಂಡೆ. ಮನುಷ್ಯರ ಮನಸ್ಸು ಎಷ್ಟು ಸಣ್ಣದಿರುತ್ತದೆ ಅಂದರೆ, ನಂದವಾ ಅನ್ನುವ ಕೂಗು ನಿಂತು ಎಷ್ಟು ದಿನವಾಯಿತು ಅಂತಲೂ ನಾನು ಯೋಚಿಸಲಿಲ್ಲ.

ಅದೇ ಚಳಿಯಲ್ಲಿ ಹುಬ್ಬಳ್ಳಿಯಲ್ಲಿ ಅರವತ್ತು ದಾಟಿದವರ ಟೂರ್ನಮೆಂಟ್ ಇತ್ತು. ಮಾಸ್ತರರು ನಮ್ಮನ್ನು ಮುಂಜಾನೆಯ ರೈಲಿನಲ್ಲಿ ಕರೆದೊಯ್ದರು. ಎರಡು ಆಟ ಹೇಗೋ ಗೆದ್ದೆವು. ಮೂರನೆಯದರಲ್ಲಿ ಎದುರಿನವರು ಬೇಗ ಗುಟ್ಟು ಹಿಡಿದರು. ಒಂದರ ಹಿಂದೊಂದು ಚೆಂಡು ಅಕ್ಕನ ಎಡಕ್ಕೆ. ಅಕ್ಕ ನಿಂತಲ್ಲೇ ನಿಂತಿದ್ದರು, ಏನೂ ಬಂದಿಲ್ಲವೇನೋ ಎಂಬಂತೆ. ಹನ್ನೊಂದು ಅಂಕಕ್ಕೆ ಗೆಲುವು, ಹತ್ತಕ್ಕೆ ಬಂದಿದ್ದ ನಾವು ಹತ್ತರಲ್ಲೇ ಉಳಿದೆವು. ಕೊನೆಯ ಚೆಂಡು ಅವರ ಎಡ ಮೊಣಕೈ ಸವರಿಕೊಂಡೇ ಹೋಯಿತು.

ಅಷ್ಟು ಮಂದಿಯ ಮುಂದೆ ನಾನು ಬ್ಯಾಟು ನೆಲಕ್ಕೆ ಕುಕ್ಕಿದೆ. “ಏನ್ ಮಾಡಾಕತ್ತಿ ನೀ? ಕಾಣೂದಿಲ್ಲೇನು ನಿನಗ?”

ನಲವತ್ತು ವರ್ಷದಲ್ಲಿ ಅವರಿಗೆ ನಾನು ನೀ ಅಂದದ್ದು ಅದೇ ಮೊದಲು. ಅಕ್ಕ ಚೆಂಡು ಎಲ್ಲಿ ಹೋಯಿತೆಂದು ಹುಡುಕುತ್ತ, “ಕಾಣಲಿಲ್ಲವಾ,” ಅಂದರು.

“ಕಾಣದಿದ್ರ ಮನ್ಯಾಗ ಇರಬೇಕು. ಆಡಾಕ ಯಾಕ ಬರ್ಬೇಕು?”

ವಾಪಸು ಬರುವಾಗ ರೈಲಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅವರು ಬುತ್ತಿ ಬಿಚ್ಚಿ ಚಪಾತಿ ಕೊಟ್ಟರು. ನಾನು ಬೇಡ ಅಂದೆ. ಅವರೂ ತಿನ್ನಲಿಲ್ಲ, ಮತ್ತೆ ಕಟ್ಟಿಟ್ಟರು.

ಮರುದಿನದಿಂದ ಅಕ್ಕ ಆಟಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ. ಇಪ್ಪತ್ತು ದಿನ ಹೀಗೇ ಹೋಯಿತು. ಇಪ್ಪತ್ತೊಂದನೆಯ ದಿನ ಅವರ ಸೊಸೆ ನಮ್ಮ ಕಡೆ ಬಂದಳು.

“ಸಣ್ಣತ್ತಿ, ನಮ್ಮತ್ತಿ ಯಾಕೋ ಬರೋಬ್ಬರಿ ಇಲ್ರಿ. ಗಂಗಾಳದಾಗ ಅರ್ಧಾ ಉಂಡು ಏಳ್ತಾರ. ಬಲಗಡಿ ರೊಟ್ಟಿ ಖಾಲಿ, ಎಡಗಡಿ ಪಲ್ಯಾ ಹಂಗ ಇರ್ತದ. ಪಲ್ಯಾ ಯಾಕ ಹಾಕಿಲ್ಲ ಅಂತ ನನಗ ಕೇಳ್ತಾರ. ಬಾಗಲಕ್ಕ ಎಡ ಭುಜಾ ಬಡಕೊಂಡು ಕಂದಿ ಹೋಗೇತ್ರಿ.”

ಆಕೆ ಎಡ ಎಂದು ಎರಡನೆಯ ಸಲ ಅಂದಾಗ ಅಕ್ಕ ಬಿಟ್ಟ ಚೆಂಡುಗಳೆಲ್ಲ ನನಗೆ ನೆನಪಾದವು.

ಹುಬ್ಬಳ್ಳಿಯ ಆಸ್ಪತ್ರೆಗೆ ನಾನೂ ಹೋದೆ. ಡಾಕ್ಟರು ಅಕ್ಕನ ಮುಖದ ಮುಂದೆ ಒಂದು ಪೆನ್ನು ಹಿಡಿದು, ನೇರ ಮುಂದೆಯೇ ನೋಡ್ರಿ, ಪೆನ್ನು ಕಾಣುವ ತನಕ ಹೌದು ಅನ್ನುತ್ತಿರ್ರಿ ಅಂದರು. ಬಲಗಡೆಗೆ ಒಯ್ದಾಗ ಅಕ್ಕ ಹೌದ್ರಿ, ಹೌದ್ರಿ ಅನ್ನುತ್ತಿದ್ದರು. ಎಡಗಡೆಗೆ ಒಯ್ದಾಗ ಸುಮ್ಮನಾದರು. ಪೆನ್ನು ಅಲ್ಲೇ ಆಡುತ್ತಿತ್ತು. ಸ್ವಲ್ಪ ಹೊತ್ತು ಕಾದು ಅಕ್ಕ ಕೇಳಿದರು, “ತೋರಸ್ರಿ ಡಾಕ್ಟರ, ಯಾಕ ನಿಂತ್ರಿ?”

ನಾನು ಹೊರಗೆ ಬಂದು ಕಂಬಕ್ಕೆ ಒರಗಿ ನಿಂತೆ. ಸ್ಕ್ಯಾನಿನಲ್ಲಿ ಮೆದುಳಿನ ಬಲಭಾಗದಲ್ಲಿ ಗಡ್ಡೆ ಇತ್ತು. ಅದು ಅಲ್ಲಿ ಬೆಳೆದರೆ ಎಡಗಡೆಯ ನೋಟ ಹೋಗುತ್ತದೆ ಅಂದರು. ಒಂದಷ್ಟು ತಿಂಗಳಿಂದಲೇ ಇದ್ದಿರಬೇಕು ಅಂತಲೂ ಅಂದರು. ಆಪರೇಶನ್ ಆಯಿತು, ಆದರೆ ಪೂರ್ತಿ ತೆಗೆಯಲು ಬರಲಿಲ್ಲ.

ಮನೆಗೆ ಬಂದ ಮೇಲೆ ದಿನವೂ ಅವರ ಮಂಚದ ಬಲಗಡೆ ಕೂರುತ್ತಿದ್ದೆ. ಕ್ಷಮೆ ಕೇಳಬೇಕೆಂದು ಹೋಗಿ, ಗಂಜಿ ಕುಡಿಸಿ, ಬೋಳಾದ ತಲೆಗೆ ಎಣ್ಣೆ ಸವರಿ ಎದ್ದು ಬರುತ್ತಿದ್ದೆ. ಒಂದು ದಿನ ಕೊನೆಗೂ ಅಂದೆ, “ಅಕ್ಕಾ, ಅವತ್ತ ಹುಬ್ಬಳ್ಳ್ಯಾಗ ನಿಮಗ ಹಂಗ ಬೈಬಾರದಿತ್ತು. ನನಗ ಗೊತ್ತಿದ್ದಿಲ್ರಿ.”

ಅಕ್ಕ ನನ್ನ ಕಡೆ ಮುಖ ಹೊರಳಿಸಿದರು. ಆಮೇಲೆ ಅಂದರು, “ನನಗ ಗೊತ್ತಿತ್ತವಾ. ಚಂಡು ಬರೂದು ಕಾಣತಿತ್ತು, ನಡುವ ಎಲ್ಲೋ ಇಲ್ಲದಂಗ ಆಗತಿತ್ತು. ದೀಪಾವಳಿಗಿಂತ ಮೊದಲಿಂದಾನೂ ಹಂಗ.”

“ಮತ್ತ ಹೇಳಬಾರದೇನ್ರಿ?”

“ಹೇಳಿದ್ರ ಮಾಸ್ತರ ನಿನಗ ಬ್ಯಾರೆ ಜೋಡಿ ಹಾಕತಿದ್ರು.”

ಆ ಮಾತು ನನಗೆ ಈಗಲೂ ನುಂಗಲು ಆಗುತ್ತಿಲ್ಲ. ದೀಪಾವಳಿಗೇ ಹೇಳಿದ್ದರೆ ಗಡ್ಡೆ ಸಣ್ಣದಿತ್ತೋ ಏನೋ. ಡಾಕ್ಟರಿಗೆ ಕೇಳುವ ಧೈರ್ಯ ನನಗೆ ಆಗಲೇ ಇಲ್ಲ. ಮುಂಜಾನೆ ಒಂದು ತಾಸು ನನ್ನ ಬಾಜು ನಿಲ್ಲುವುದಕ್ಕಾಗಿ ಅವರು ಅದನ್ನು ಮುಚ್ಚಿಟ್ಟರು. ನಾನೋ, ಬೇಕಂತಲೇ ಬಿಡುತ್ತಾರೆ ಅಂದುಕೊಂಡೆ.

“ಇನ್ನೊಂದು ಹೇಳಲೇನು?” ಅಂದರು ಅಕ್ಕ. “ಅವತ್ತ ನೀ ನನಗ ನೀ ಅಂದಿ. ಸಿಟ್ಟು ಬಂತು ಖರೇ. ಆದ್ರ ರೈಲಿನ್ಯಾಗ ಕುಂತಾಗ ಅನ್ನಿಸ್ತು, ನನ್ನ ತವರಮನಿ ತಂಗಿ ಹಿಂಗ ಬೈತಿದ್ಲು. ಹಂಗ ಅನಕೋತ ಇರು.”

ಹೂಂ ಅಂದೆ. ಮರುದಿನ ಹೋಗಿ ಹಾಗೆ ಕರೆಯಲು ನೋಡಿದೆ. ಬೈಯುವಾಗ ತಾನೇ ಬಂದ ಮಾತು ಪ್ರೀತಿಯಿಂದ ಹೇಳಹೊರಟರೆ ಬಾಯಿಗೆ ಬರಲಿಲ್ಲ. ಊಟ ಮಾಡ್ತೀ— ಅನ್ನುವಷ್ಟರಲ್ಲಿ ಹಿಂದೆ ‘ರೇನು’ ಅಂತ ತಾನೇ ಸೇರಿಕೊಳ್ಳುತ್ತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

ಒಂದು ಮುಂಜಾನೆ ಅಂಗಳಕ್ಕೆ ಕರೆದುಕೊಂಡು ಹೋಗು ಅಂತ ಹಟ ಹಿಡಿದರು. ಅವರ ಮಗ ಆಟೋದಲ್ಲಿ ಕೂರಿಸಿ ಕರೆತಂದ. ಮಾಸ್ತರರು ಗೆರೆಯ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ನಾನು ನಾಲ್ಕು ಹೆಜ್ಜೆ ದೂರ ನಿಂತು ಅವರ ಬಲಗೈ ಕಡೆಗೆ ಮೆಲ್ಲಗೆ ಚೆಂಡು ಎಸೆದೆ. ಟಕ್ ಅಂತ ವಾಪಸು ಬಂತು. ಮತ್ತೆ ಎಸೆದೆ, ಮತ್ತೆ ಬಂತು. ಉಳಿದ ಹೆಣ್ಣುಮಕ್ಕಳು ಎಣಿಸತೊಡಗಿದರು. ಏಳಕ್ಕೋ ಎಂಟಕ್ಕೋ ನನ್ನ ಕೈ ತಪ್ಪಿ ಚೆಂಡು ಅವರ ಎಡಕ್ಕೆ ಹೋಯಿತು. ಅಕ್ಕ ಬ್ಯಾಟು ಎತ್ತಿ ಹಿಡಿದುಕೊಂಡೇ ಕಾಯುತ್ತಿದ್ದರು. ಚೆಂಡು ಅವರ ಹಿಂದೆ ಗೋದಾಮಿನ ಗೋಡೆಯ ತನಕ ಉರುಳಿ ನಿಂತಿತ್ತು. ಎಣಿಸುತ್ತಿದ್ದವರು ನಿಲ್ಲಿಸಿದರು.

“ಒಗಿಯವಾ, ಯಾಕ ನಿಂತಿ?” ಅಂದರು.

ಮಾಸ್ತರರು ಓಡಿ ಹೋಗಿ ಇನ್ನೊಂದು ಚೆಂಡು ನನ್ನ ಕೈಗೆ ಕೊಟ್ಟರು. ನಾನು ಬಲಕ್ಕೆ ಎಸೆದೆ. ಅಕ್ಕ ಹೊಡೆದರು.

ಅದಾದ ಮೇಲೆ ಅವರು ಓಣಿ ದಾಟಿ ಹೊರಗೆ ಹೋಗಲಿಲ್ಲ. ಯುಗಾದಿಗೆ ಮಾತು ಕಡಿಮೆಯಾಯಿತು, ಮುಂಗಾರು ಬೀಳುವುದರೊಳಗೆ ಹೋಗಿಬಿಟ್ಟರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸುವಾಗ ನಾನು ಅವರ ಎಡಗೈ ಹಿಡಿದುಕೊಂಡಿದ್ದೆ. ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಯಾರೂ ಕೇಳಿಸಿಕೊಳ್ಳದ ಹಾಗೆ ಕಿವಿಯ ಹತ್ತಿರ ಬಾಗಿ, “ನೀ ಯಾಕ ಹೇಳಲಿಲ್ಲ?” ಅಂದೆ. ಆಗ ಬಂತು ಆ ಮಾತು, ತಡವಾಗಿ.

ಆ ವರ್ಷ ನಾನು ಅಂಗಳದ ಕಡೆ ಹೋಗಲಿಲ್ಲ. ಸ್ಟೇಶನ್ನಿಗೆ ಹೋಗಬೇಕಾದರೂ ಸುತ್ತು ಹಾಕಿ ಹೋಗುತ್ತಿದ್ದೆ. ಮಾಸ್ತರರು ಎರಡು ಸಲ ಬಂದು ಕರೆದು ಹೋದರು. ಮೂರನೆಯ ಸಲ ಕರೆಯಲಿಲ್ಲ, ಸುಮ್ಮನೆ ಬಾಗಿಲಲ್ಲಿ ನಿಂತರು. ಎದ್ದು ಹೋದೆ.

ಈಗ ವಾರಕ್ಕೆ ನಾಲ್ಕು ದಿನ ಆಡುತ್ತೇನೆ. ಹೊಸ ಜೋಡಿ ಕುಂದಗೋಳದ ಕಡೆಯಿಂದ ಇಲ್ಲಿಗೆ ಬಂದ ಒಬ್ಬ ಶಿಕ್ಷಕಿ, ಒಳ್ಳೆಯ ಹೆಣ್ಣುಮಗಳು, ಚುರುಕು. ಚೆಂಡು ತಪ್ಪಿದಾಗಲೆಲ್ಲ, “ತಪ್ಪಾತ್ರಿ ಅಕ್ಕಾರ,” ಅಂತಾಳೆ. ಇರಲಿ ಬಿಡು, ಅಂತೇನೆ. ಕೆಲವು ದಿನ ಆಟ ಚೆನ್ನಾಗಿ ಕೂಡುತ್ತದೆ, ಮೈ ಬೆವತು ಹಗುರಾಗುತ್ತದೆ, ಯಾವುದೋ ತಮಾಷೆಗೆ ನಗುತ್ತೇನೆ. ಹಾಗೆ ನಕ್ಕದ್ದಕ್ಕೆ ಮನೆಗೆ ಹೋಗುವ ದಾರಿಯಲ್ಲಿ ನನ್ನ ಮೇಲೆ ನನಗೇ ಬೇಸರ ಬರುತ್ತದೆ.

ಮೊನ್ನೆ ಅಕ್ಕನ ಸೊಸೆ ಮನೆಯ ಮುಂದೆ ಗುಡಿಸುತ್ತಿದ್ದವಳು ನನ್ನನ್ನು ನೋಡಿ, “ಆಟ ಹೆಂಗಾತ್ರಿ ಸಣ್ಣತ್ತಿ?” ಅಂತ ಕೇಳಿದಳು.

“ಗೆದ್ವಿ,” ಅಂದೆ. ಆಕೆ ಕಸಬರಿಗೆ ಅಲ್ಲೇ ಇಟ್ಟು, ಚಾ ಮಾಡ್ತೀನಿ ಬರ್ರಿ ಅಂತ ಒಳಗೆ ಹೋದಳು. ನಾನು ಸ್ವಲ್ಪ ಹೊತ್ತು ಹೊರಗೇ ನಿಂತು, ಮುಖ ಒರೆಸಿಕೊಂಡು, ಆಮೇಲೆ ಹೋದೆ.