ಕನಕರಾಜನ ಬಲಗೈ

ನಮ್ಮ ಪಕ್ಕದ ಮನೆಯ ಕನಕರಾಜ ಒಂದು ಕಾಲಕ್ಕೆ ದೇಶ ದೇಶ ತಿರುಗಿ ಟೆನ್ನಿಸ್ ಆಡಿದವನು ಅಂದರೆ ಚಿತ್ರದುರ್ಗಕ್ಕೆ ಹೊಸದಾಗಿ ಬಂದವರು ನಂಬುವುದಿಲ್ಲ. ಅಂಗಿ ಹಾಕಿಕೊಳ್ಳುವಾಗ ಬಲಗೈಯನ್ನು ಎಡಗೈಯಿಂದ ಎತ್ತಿ ತೋಳಿನೊಳಗೆ ತೂರಿಸಿಕೊಳ್ಳುವ ಮನುಷ್ಯ ಅವನು.

ಹುಟ್ಟಿದ್ದು ಹೊಸದುರ್ಗದ ಕಡೆಯ ಬಾಗೂರು. ಅಪ್ಪ ಬೀರಪ್ಪ ಕುರಿ ಸಾಕಿದವನು. ಹುಡುಗ ನಾಲ್ಕಕ್ಷರ ಕಲಿಯಲಿ ಎಂದು ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ಸೋದರಮಾವ ನಾಗರಾಜನ ಮನೆಯಲ್ಲಿ ಬಿಟ್ಟರು. ರೈಲ್ವೆ ಮನೆಗಳ ಹಿಂದೆ ಹಳೆಯದೊಂದು ಟೆನ್ನಿಸ್ ಅಂಗಳವಿತ್ತು. ಓದು ಹತ್ತಲಿಲ್ಲ, ಆಟ ಹತ್ತಿತು. ಮಾವನೇ ಬೆಂಗಳೂರಿಗೆ ಕರೆದುಕೊಂಡು ಹೋಗಿ ಕಲಿಯಲು ಸೇರಿಸಿದ. ಆಮೇಲೆ ಆಟವೇ ಅವನ ಹೊಟ್ಟೆಪಾಡಾಯಿತು. ದಿಲ್ಲಿ, ಬ್ಯಾಂಕಾಕ್, ತಾಷ್ಕೆಂಟ್ ಎಲ್ಲ ನೋಡಿ ಬಂದ. ಒಮ್ಮೆ ಊರಿಗೆ ಬಂದು, ಪ್ರಪಂಚದಲ್ಲಿ ತನ್ನದು ಆರುನೂರ ಚಿಲ್ಲರೆ ನಂಬರು ಎಂದು ಹೆಮ್ಮೆಯಿಂದ ಹೇಳಿದನಂತೆ.

"ಅಂದ್ರೆ ನಿನ್ನ ಮುಂದೆ ಆರ್ನೂರು ಜನ ಅದಾರೇನ್ಲೇ?" ಎಂದು ಬೀರಪ್ಪ ಕೇಳಿದ. "ಹಿಂಡಿನ ಬಾಲದಾಗೆ ಇದೀಯ ಅನ್ನು!"

ಅವರ ಹಟ್ಟಿಯಲ್ಲಿ ಒಂದು ಪದ್ಧತಿ. ಕುರಿಗೆ ಬೇನೆ ಬಂದರೆ ಅದರ ಹೆಸರು ಹೇಳುವಂತಿಲ್ಲ. ಹೆಸರು ಹಿಡಿದರೆ ಕರೆದಂಗೆ, ಹಿಂಡಿಗೆಲ್ಲ ಬರುತ್ತದೆ ಎಂದು ನಂಬಿಕೆ. ಕುಂಟುವ ಕುರಿಗೆ "ಕಾಲು ಬಿಗಿದೈತೆ" ಅನ್ನುವರು, ಸಾಯುವ ಕುರಿಗೆ "ಮಲಗೈತೆ" ಅನ್ನುವರು. ಮನುಷ್ಯರಿಗೂ ಅದೇ ಮಾತು. ಕನಕರಾಜನ ಹೆಗಲಿನಲ್ಲಿ ನೋವು ಶುರುವಾದಾಗ ಆಟ ಕಲಿಸುವವರು ಕೇಳಿದರೆ "ಬಿಗಿ ಐತೆ ಸರ್" ಎನ್ನುತ್ತಿದ್ದ. ಬಿಗಿ ಅಂದಿದ್ದಕ್ಕೆ ಅವರು ಎಣ್ಣೆ ಹಚ್ಚಿ ತಿಕ್ಕಿಸಿ ಮತ್ತೆ ಆಡಿಸಿದರು. ಹಾಗೇ ವರ್ಷಗಳು ಹೋದವು. ಒಂದು ದಿನ ಚೆಂಡನ್ನು ಮೇಲೆಸೆದು ಹೊಡೆಯುವಾಗ ಒಳಗೇನೋ ಕಿತ್ತುಕೊಂಡಿತು.

"ಒದ್ದೆ ಬಟ್ಟೆ ಹರಿದಂಗಾತು ಗಂಗಕ್ಕ. ನನ್ ಕಿವಿಗೇ ಕೇಳಿಸ್ತು," ಎಂದು ನನ್ನ ಹತ್ತಿರ ಹೇಳಿದ್ದ.

ಮೊದಲೇ ನೋವು ಅಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಬೈದರಂತೆ. ಮೂವತ್ತು ತುಂಬುವ ಮೊದಲೇ ಆಟ ಮುಗಿಯಿತು. ದುರ್ಗಕ್ಕೆ ಬಂದ, ಸ್ಕೂಲ್ ಟೀಚರಾಗಿದ್ದ ಹಿರಿಯೂರಿನ ಉಷಾರಾಣಿಯನ್ನು ಮದುವೆಯಾದ, ಹೊಳಲ್ಕೆರೆ ರಸ್ತೆಯಲ್ಲಿ ಜಾಗ ಹಿಡಿದು ಮಕ್ಕಳಿಗೆ ಟೆನ್ನಿಸ್ ಹೇಳಿಕೊಡತೊಡಗಿದ. ಮಗಳು ಕಾವ್ಯಶ್ರೀ ಅಲ್ಲೇ ಕಲಿತಳು. ಹದಿನಾರು ತುಂಬುವುದರೊಳಗೆ ಅವಳ ಹೊಡೆತ ಗಂಡುಹುಡುಗರಿಗೂ ನಿಲುಕುತ್ತಿರಲಿಲ್ಲ. ಈ ಸಲ ದಾವಣಗೆರೆಯಲ್ಲಿ ಭಾನುವಾರದ ಪಂದ್ಯ ಗೆದ್ದರೆ ರಾಜ್ಯದ ತಂಡಕ್ಕೆ ಸೇರುವವಳಿದ್ದಳು.

ಆ ಪಂದ್ಯಕ್ಕೆ ಮುಂಚೆ ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದು ನನ್ನ ಮನೆಗೆ ಬಂದಳು.

"ಅಜ್ಜಿ, ಒಂದು ಜಡೆ ಹಾಕ್ಕೊಡು."

"ಯಾಕವ್ವ, ನಿಮ್ಮಮ್ಮ ಹಾಕಲ್ವ?"

"ಅಮ್ಮಂಗೆ ಸ್ಕೂಲಿಗೆ ಹೊತ್ತಾಗುತ್ತೆ."

ಮಾರನೆಯ ದಿನವೂ ಬಂದಳು. ಆಮೇಲೆ ದಿನಾ ಬರತೊಡಗಿದಳು. ಅಲ್ಲಿಯವರೆಗೂ ತನ್ನ ಜಡೆ ತಾನೇ ಹೆಣೆದುಕೊಳ್ಳುತ್ತಿದ್ದ ಹುಡುಗಿ. ನನಗೆ ಅನುಮಾನ ಬಂತು.

"ಈ ಕ್ಲಿಪ್ಪೊಂದು ನೀನೇ ಹಾಕ್ಕಳ್ಳವ್ವ, ನನ್ ಕಣ್ಣಿಗೆ ಕಾಣಲ್ಲ," ಅಂದೆ.

ಬಲಗೈ ಕಿವಿಯವರೆಗೆ ಬಂದು ನಿಂತಿತು. ಕನ್ನಡಿಯಲ್ಲಿ ಅವಳ ತುಟಿ ಬಿಳುಪಾಯಿತು.

"ಏನವ್ವ?"

"ಏನಿಲ್ಲಜ್ಜಿ. ಒಂಚೂರು ಬಿಗಿ ಐತೆ."

ಅವಳಪ್ಪ ಹೇಳುತ್ತಿದ್ದ ಅದೇ ಮಾತು. ಅವಳನ್ನು ಕಳಿಸಿ, ನೇರ ಕನಕರಾಜನ ತಾಯಿ ಬರಗೇರಮ್ಮನ ಹತ್ತಿರ ಹೋದೆ. ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದಳು. ಹೇಳಿದೆ.

"ಶ್! ಬಾಯಿ ಬಿಡಬ್ಯಾಡ ಗಂಗಕ್ಕ. ಭಾನುವಾರ ಕಳೀಲಿ."

"ನಿನ್ನ ಮಗಂಗೆ ಏನಾತು ಅಂತ ಮರ್ತ್ಯೇನೇ?"

"ಮರೆಯಾದೇನು! ಆ ಡಾಕ್ಟ್ರು ಹೆಸರಿಟ್ಟ ಮ್ಯಾಲಲ್ವ ಅವನ ಕೈ ಹೋಗಿದ್ದು!"

ಅವಳ ಹತ್ತಿರ ವಾದ ಮಾಡಿ ಉಪಯೋಗವಿರಲಿಲ್ಲ. ಸಂಜೆ ಕನಕರಾಜ ಬರುವುದನ್ನು ಕಾದಿದ್ದು ಗೇಟಿನಲ್ಲೇ ಹೇಳಿದೆ. ಅವನು ಚೆಂಡಿನ ಬುಟ್ಟಿ ಕೆಳಗಿಟ್ಟು ಮಗಳನ್ನು ಕರೆದ.

"ಕೈ ಮೇಲೆತ್ತು."

"ಬಿಗಿ ಅಷ್ಟೇ ಅಪ್ಪ. ಪಂದ್ಯ ಆದ್ಮೇಲೆ ಎಣ್ಣೆ ಹಚ್ಕಂತೀನಿ."

ಅವನು ಮಗಳ ಮುಖವನ್ನೇ ನೋಡಿದ. "ನಡಿ, ಡಾಕ್ಟ್ರ ಹತ್ರ ಹೋಗಾಣ," ಅಂದ.

ಅಲ್ಲಿ ನಡೆದಿದ್ದನ್ನು ಜೊತೆಗೆ ಹೋಗಿದ್ದ ಉಷಾರಾಣಿ ಹೇಳಿದಳು. ಡಾಕ್ಟರು ಹುಡುಗಿಯ ಬೆನ್ನ ಹಿಂದೆ ನಿಂತು ಕೈ ಹಿಡಿದು ಎತ್ತಿ, ನೋವಾಗುತ್ತದೆಯೇ ಎಂದು ಕೇಳಿದರಂತೆ. ಇಲ್ಲ ಅಂದಳು. ಇನ್ನೂ ಮೇಲಕ್ಕೆತ್ತಿದರು. ಹಣೆಯಿಂದ ಬೆವರು ಇಳಿಯುತ್ತಿತ್ತು, ಆದರೂ ಇಲ್ಲ ಅಂದಳು.

"ಏನ್ರೀ ಕನಕರಾಜ್, ಮಗಳಿಗಿಂತ ನೀವೇ ಹೆದರಿದೀರಲ್ರಿ," ಎಂದು ಡಾಕ್ಟರು ನಕ್ಕರು. "ಆಡ್ಲಿ ಬಿಡ್ರಿ."

"ಅವಳಿಗೆ ನೋವೈತೆ ಡಾಕ್ಟ್ರೇ," ಅಂದ ಕನಕರಾಜ. "ಅವಳು ಹೇಳಲ್ಲ. ನಾನು ಹೇಳ್ತಿದೀನಿ. ನೋವೈತೆ."

ಆ ಪದ ತನ್ನ ಗಂಡನ ಬಾಯಲ್ಲಿ ಬಂದಿದ್ದನ್ನು ಉಷಾರಾಣಿ ಕೇಳಿದ್ದು ಅದೇ ಮೊದಲಂತೆ.

ಸ್ಕ್ಯಾನ್ ಮಾಡಿಸಿದರು. ಹೆಗಲೊಳಗಿನ ಸ್ನಾಯು ಹರಿಯಲು ಶುರುವಾಗಿತ್ತು. ಕೆಲವು ತಿಂಗಳು ಕೈಗೆ ಪೂರಾ ವಿಶ್ರಾಂತಿ ಕೊಟ್ಟರೆ ಕೂಡಿಕೊಳ್ಳುತ್ತದೆ, ಈಗ ಜೋರಾಗಿ ಬೀಸಿದರೆ ಪೂರ್ತಿ ಹೋಗುತ್ತದೆ, ಆಮೇಲೆ ಆಪರೇಷನ್ ಮಾಡಿದರೂ ಆಟ ವಾಪಸು ಬರುವುದಿಲ್ಲ ಎಂದರು. ಕನಕರಾಜ ಪಂದ್ಯ ಬಿಡಿಸಿದ. ರ‍್ಯಾಕೆಟ್ಟುಗಳನ್ನು ತಾಯಿಯ ಟ್ರಂಕಿನಲ್ಲಿಟ್ಟು ಬೀಗ ಹಾಕಿಸಿದ. ಕೀಲಿಕೈ ತಾಯಿಯ ಸೊಂಟದಲ್ಲೇ ಉಳಿಯಿತು.

ಮಗಳು ಅತ್ತು ಕೂಗಾಡಲಿಲ್ಲ. ಅಪ್ಪನ ಮುಂದೆ ನಿಂತು, "ನೀನು ಹೆಸರಿಟ್ಟೆ, ಅದು ಬಂತು," ಅಂದಳು. ಅಷ್ಟೇ. ಆಮೇಲೆ ಮಾತು ಬಿಟ್ಟಳು. ಊಟ, ನಿದ್ದೆ ಎಲ್ಲ ಅಜ್ಜಿಯ ಕೋಣೆಯಲ್ಲೇ. ಅಜ್ಜಿ ಮೊಮ್ಮಗಳು ಒಳಗೆ ಪಿಸುಗುಟ್ಟುವುದು ನಮ್ಮ ಗೋಡೆಗೆ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ಆ ಭಾನುವಾರ ಬಂತು. ಉಷಾರಾಣಿ ತವರಿನ ನಾಮಕರಣಕ್ಕೆ ಹಿರಿಯೂರಿಗೆ ಹೋಗಿದ್ದಳು. ಕನಕರಾಜ ಮಕ್ಕಳಿಗೆ ಆಡಿಸಲು ಹೋಗಿದ್ದ. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಅವರ ಹಿತ್ತಲಿನಿಂದ ಟಪ್ ಎಂದಿತು. ಸ್ವಲ್ಪ ತಡೆದು ಮತ್ತೆ ಟಪ್. ಚೆಂಡು ಗೋಡೆಗೆ ಬಡಿಯುವ ಸದ್ದು.

ಎದ್ದು ಹೋದೆ. ಬರಗೇರಮ್ಮ ಹೊಸ್ತಿಲ ತುಂಬ ಕೂತಿದ್ದಳು.

"ಯಾರೇ ಅದು ಹಿತ್ಲಾಗೆ?"

"ಯಾರೂ ಇಲ್ಲ."

"ಸದ್ದು ಕೇಳ್ತೈತಲ್ಲೇ!"

"ಕೇಳ್ದಂಗಿರು ಗಂಗಕ್ಕ. ಆಡಿದ್ರೆ ಸಡ್ಲಾಗುತ್ತೆ. ನೀನೊಬ್ಳು ಬಾಯಿ ಮುಚ್ಕಂಡಿದ್ರೆ ಇವತ್ತು ನನ್ ಮೊಮ್ಮಗಳು ದಾವಣಗೆರೇಲಿ ಇರ್ತಿದ್ಲು."

"ಕಾವ್ಯಾ, ಸಾಕು ಬಿಡವ್ವ!" ಎಂದು ಅಲ್ಲಿಂದಲೇ ಕೂಗಿದೆ. ಉತ್ತರವಾಗಿ ಚೆಂಡು ಇನ್ನೂ ಜೋರಾಗಿ ಬಡಿಯಿತು. ಬರಗೇರಮ್ಮ ಬಾಗಿಲಿಂದ ಕದಲಲಿಲ್ಲ. ಕನಕರಾಜನಿಗೆ ಫೋನ್ ಹಚ್ಚಿದೆ. ಆಡಿಸುವಾಗ ಅವನು ಫೋನನ್ನು ಚೀಲದಲ್ಲಿ ಹಾಕಿಟ್ಟಿರುತ್ತಾನೆ, ರಿಂಗಾಗಿ ರಿಂಗಾಗಿ ನಿಂತಿತು.

ಚಪ್ಪಲಿ ಮೆಟ್ಟಿ ಹೊಳಲ್ಕೆರೆ ರಸ್ತೆಯ ಕಡೆ ಹೊರಟೆ. ಬೀದಿಯುದ್ದಕ್ಕೂ ಆ ಸದ್ದು ಬೆನ್ನಿಗೆ ಬಡಿಯುತ್ತಲೇ ಇತ್ತು. ತಿರುವಿಗೆ ಇನ್ನೂ ನಾಲ್ಕು ಮನೆ ಇರುವಾಗ ನಿಂತುಹೋಯಿತು. ದಣಿದು ನಿಲ್ಲಿಸಿದಳೋ ಏನೋ ಎಂದುಕೊಂಡು ಒಂದು ಗಳಿಗೆ ಕಿವಿಗೊಟ್ಟು ನಿಂತೆ. ಆಮೇಲೆ ಬರಗೇರಮ್ಮ ಮೊಮ್ಮಗಳ ಹೆಸರು ಹಿಡಿದು, ಕೈಗೇನಾತೇ ಎಂದು ಚೀರುವುದು ಕೇಳಿಸಿತು.