ಗುಡ್ಡ ಏರಿದ ಕುರ್ಚಿ

ನಮ್ಮೂರಿನಲ್ಲಿ ಗುಡ್ಡ ಏರುವುದಕ್ಕೆ ಮೂರೇ ಕಾರಣಗಳಿದ್ದವು. ಎಮ್ಮೆ ತಪ್ಪಿಸಿಕೊಂಡಿರಬೇಕು, ಒಲೆಗೆ ಕಟ್ಟಿಗೆ ತೀರಿರಬೇಕು, ಇಲ್ಲವೇ ತುದಿಯಲ್ಲಿರುವ ಬೀರಪ್ಪನಿಗೆ ಹರಕೆ ಹೊತ್ತಿರಬೇಕು. ಈ ಮೂರೂ ಇಲ್ಲದೆ ಮೇಲೆ ಹೋಗುವವನಿಗೆ ಮನೆಯಲ್ಲಿ ಏನೋ ಜಗಳವಾಗಿದೆ ಎಂದು ಜನ ತಿಳಿಯುತ್ತಿದ್ದರು. ಹೀಗಿರುವಾಗ ಪುಣೆಯ ಮಂದಿ ಬೆನ್ನಿಗೆ ಚೀಲ ಕಟ್ಟಿಕೊಂಡು, ಬರೇ ಏರಿ ಇಳಿಯಲೆಂದೇ ಬರತೊಡಗಿದರೆ ಊರು ಹೇಗೆ ಸುಮ್ಮನಿದ್ದೀತು?

ಅದು ಎಂಬತ್ತರ ದಶಕದ ಕೊನೆ. ನಿಪ್ಪಾಣಿ ದಾಟಿ ಹೆದ್ದಾರಿ ಘಟ್ಟ ಹತ್ತುವಲ್ಲಿ, ರಸ್ತೆಯಿಂದ ತುಸು ಒಳಗೆ ನಮ್ಮೂರು. ಗೋವೆಗೆ ಹೊರಟಿದ್ದ ಅವರ ಬಸ್ಸು ಒಂದು ಚಳಿಗಾಲದ ಬೆಳಿಗ್ಗೆ ನಮ್ಮ ಕ್ರಾಸಿನಲ್ಲಿ ಕೆಟ್ಟು ನಿಂತಿತು. ನಿಪ್ಪಾಣಿಯಿಂದ ಮೆಕ್ಯಾನಿಕ್ ಬಂದು ಅದನ್ನು ಸರಿಮಾಡುವಷ್ಟರಲ್ಲಿ ಅವರು ಗುಡ್ಡ ಏರಿ ಇಳಿದರು, ಮೆಚ್ಚಿದರು, ಊರಿಗೆ ಹೋಗಿ ಹತ್ತು ಮಂದಿಗೆ ಹೇಳಿದರು. ಅಲ್ಲಿಂದ ಮುಂದೆ ದೀಪಾವಳಿ ಮುಗಿದರೆ ಸಾಕು, ಶನಿವಾರ ಬಂತೆಂದರೆ ಒಂದು ತಂಡ ಹಾಜರು. ನಾನಾಗ ಊರಿನ ಕನ್ನಡ ಶಾಲೆಯಲ್ಲಿ ಹೊಸದಾಗಿ ಮಾಸ್ತರನಾಗಿದ್ದೆ. ಮರಾಠಿ ಓದಲು ಬರೆಯಲು ಬರುತ್ತಿತ್ತಾದ್ದರಿಂದ ಅವರ ಕಾಗದಗಳು ನನಗೇ ಬರುತ್ತಿದ್ದವು. ಯಾರೂ ನೇಮಿಸದೆ ನಾನು ಗುಡ್ಡದ ಅಧಿಕಾರಿಯಾದೆ.

ಊರಿನವರ ಪ್ರಶ್ನೆಗಳಿಗೆ ಉತ್ತರ ಕೊಡುವುದೇ ಈ ಅಧಿಕಾರಿಯ ದೊಡ್ಡ ಕೆಲಸ. ಒಂದು ದಿನ ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬ ಕೇಳಿದ.

"ಏನರ ಕಳಕೊಂಡಾರೇನ್ರಿ ಮಾಸ್ತರ, ಮ್ಯಾಲ?"

"ಇಲ್ಲಜ್ಜಾ, ಸುಮ್ನ ಏರಾಕ ಬಂದಾರ."

"ಮತ್ತ ಆ ಚೀಲದಾಗ ಏನೈತಿ?"

"ನೀರು, ಬಿಸ್ಕೀಟು, ಹೊದಕಿ."

"ಮ್ಯಾಲ ಇಟ್ಟ ಬರತಾರ?"

"ಇಲ್ಲ, ಹೊಳ್ಳಿ ತರತಾರ."

ಅಜ್ಜ ಬಾಯಲ್ಲಿದ್ದ ಎಲೆಯಡಿಕೆ ಉಗುಳಿದ. ಆಮೇಲೆ, "ಹಂಗಾರ ಒಯ್ಯೂದ್ಯಾಕ?" ಎಂದ.

ಬಂದವರು ಇಳಿದುಕೊಳ್ಳುತ್ತಿದ್ದುದು ನಮ್ಮ ಮನೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದವನು ಅಪ್ಪನ ತಮ್ಮ, ನಮ್ಮ ಕಾಕಾ. ಕಬ್ಬು, ತಂಬಾಕು, ಆರು ಎಮ್ಮೆ, ಊರಿಗೇ ಮೊದಲು ಬಂದ ಟ್ರ್ಯಾಕ್ಟರು, ಇವೆಲ್ಲದರ ಜೊತೆಗೆ ಒಂದು ಭರ್ತಿ ಹೊಟ್ಟೆ ಅವನ ಆಸ್ತಿ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಮನೆಗೆ ಯಾರಾದರೂ ಬಂದರೆಂದರೆ ಅವನೇ ಬೇರೆ ಮನುಷ್ಯ. ಬಂದವರು ಭಾರ ಹೊರಬಾರದು, ಹಸಿದಿರಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಕಾಲ್ನಡಿಗೆಯಲ್ಲಿ ಎಲ್ಲಿಗೂ ಹೋಗಬಾರದು. ಸದಲಗಾದ ಬೀಗರೊಬ್ಬರು ಒಮ್ಮೆ, ಚಕ್ಕಡಿಯ ಗಾಲಿ ಮುರಿದದ್ದಕ್ಕೆ, ನಮ್ಮ ಮನೆಯಿಂದ ಕ್ರಾಸಿನವರೆಗೆ ನಡೆದು ಹೋಗಿದ್ದರು. ಎರಡು ಮೈಲಿಯೂ ಇರಲಿಲ್ಲ. ಆ ನಾಚಿಕೆಗೆ ಕಾಕಾ ಎರಡು ವರ್ಷ ಸದಲಗಾದ ಕಡೆ ತಲೆ ಹಾಕಲಿಲ್ಲ.

ಇಂಥವನ ಮನೆಗೆ ನಡೆಯಲೆಂದೇ ಬಂದವರು ಗಂಟುಬಿದ್ದರು.

ಮೊದಲ ತಂಡ ಹೊರಟಾಗ ಕಾಕಾ ಟ್ರೇಲರಿಗೆ ಹುಲ್ಲು ಹಾಸಿ, ಮೇಲೆ ಜಮಖಾನೆ ಹಾಕಿ, "ಹತ್ರಿ, ಹತ್ರಿ" ಎಂದ. ಗುಡ್ಡದ ಬುಡಕ್ಕೆ ಬಿಡುತ್ತಾನೆ ಎಂದುಕೊಂಡು ಅವರು ಹತ್ತಿದರು. ಗುಡ್ಡದ ಹಿಂಬದಿಗೆ ಕಲ್ಲುಗಣಿಯದೊಂದು ಹಳೆಯ ದಾರಿ ಇತ್ತು. ಕಾಕಾ ಆ ದಾರಿಯಲ್ಲಿ ಟ್ರ್ಯಾಕ್ಟರು ಗುರುಗುಡಿಸುತ್ತಾ ಹೋಗಿ, ಗುಡಿಯ ಗಂಟೆ ಕೈಗೆ ಸಿಗುವಷ್ಟು ಹತ್ತಿರ ನಿಲ್ಲಿಸಿ, "ಆತ್ರಿ, ಇದ ಗುಡ್ಡ. ನೋಡ್ರಿ" ಎಂದ. ಹತ್ತು ನಿಮಿಷದಲ್ಲಿ ಅವರ ಎರಡು ದಿನದ ಕಾರ್ಯಕ್ರಮ ಮುಗಿದುಹೋಗಿತ್ತು. ಪಾಪ, ಒಳ್ಳೆಯ ಮಂದಿ. ತುಂಬಾ ಉಪಕಾರವಾಯಿತು ಎಂದು ಹೇಳಿ, ಮಧ್ಯಾಹ್ನದ ಬಸ್ಸಿಗೆ ಮುಖ ಸಪ್ಪಗೆ ಮಾಡಿಕೊಂಡು ಹೋದರು.

ಸುದ್ದಿ ಪುಣೆ ಮುಟ್ಟಿರಬೇಕು. ಮುಂದಿನ ತಂಡದವರು ಕೋಳಿ ಕೂಗುವ ಮೊದಲೇ ಎದ್ದು, ಬೂಟು ಕೈಯಲ್ಲಿ ಹಿಡಿದುಕೊಂಡು, ಕಳ್ಳರ ಹಾಗೆ ಹಿತ್ತಿಲ ಬಾಗಿಲಿನಿಂದ ಗುಡ್ಡಕ್ಕೆ ಹೋದರು. ಬೆಳಗಾದ ಮೇಲೆ ಖಾಲಿ ಹಾಸಿಗೆ ನೋಡಿದ ಕಾಕಾ ಕಟ್ಟೆಯ ಮೇಲೆ ಕುಸಿದು ಕೂತ. "ಪಲ್ಲೇದಾಗ ಏನರ ಉಪ್ಪ ಹೆಚ್ಚಾಗಿತ್ತೇನ ವೈನಿ?" ಎಂದು ನನ್ನ ಅವ್ವನನ್ನು ಮತ್ತೆ ಮತ್ತೆ ಕೇಳಿದ.

ಕೊನೆಗೆ ನಾನೇ ನಡುವೆ ನಿಂತು ಒಪ್ಪಂದ ಮಾಡಿಸಿದೆ. ಟ್ರ್ಯಾಕ್ಟರು ಇಲ್ಲ. ಬದಲಿಗೆ, ಏರುವ ದಾರಿಯಲ್ಲಿರುವ ಐದು ಕುರುಬರ ಮನೆಗಳಲ್ಲಿ ಅವರು ಚಹಾ ಕುಡಿಯಬೇಕು. ಒಂದು ಮನೆಯಲ್ಲಿ ಕುಡಿದು ಇನ್ನೊಂದರಲ್ಲಿ ಬಿಡುವಂತಿರಲಿಲ್ಲ. ಬಿಟ್ಟರೆ ಆ ಎರಡು ಮನೆಗಳ ನಡುವೆ ಮಾತು ನಿಂತುಹೋಗುತ್ತಿತ್ತು. ಹೀಗೆ ನಮ್ಮ ಗುಡ್ಡ ಏರಿದವರೆಲ್ಲ ಹೊಟ್ಟೆಯಲ್ಲಿ ಐದು ಚಹಾ ತುಳುಕಿಸಿಕೊಂಡೇ ಬೀರಪ್ಪನ ದರ್ಶನ ಮಾಡಿದರು.

ಈ ವ್ಯವಸ್ಥೆ ಮೂರು ನಾಲ್ಕು ಚಳಿಗಾಲ ಚೆನ್ನಾಗಿ ನಡೆಯಿತು. ತೊಂಬತ್ತರ ಮೊದಲ ವರ್ಷಗಳಲ್ಲೊಮ್ಮೆ ಎಂಟು ಜನರ ಒಂದು ತಂಡದ ಜೊತೆ ಒಬ್ಬ ಹಿರಿಯ ಹೆಂಗಸು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಕಡ್ಡಿಯಂಥ ಮೈ, ಕಣಕಾಲಿನ ಮೇಲೆ ಒಂದು ಗೇಣು ಎತ್ತಿ ಉಟ್ಟ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು, ಕೈಯಲ್ಲಿ ಕೋಲು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಮರಾಠಿಯವರು ಶಾಲೆಯ ಶಿಕ್ಷಕಿಯನ್ನು ಕರೆಯುವಂತೆ ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು. ಸಂಜೆ ಅಂಗಳದಲ್ಲಿ ಅವ್ವನ ಜೊತೆ ಮೆಂತ್ಯೆಪಲ್ಲೆಯ ಎಲೆ ಬಿಡಿಸುತ್ತಾ ಅವರು ಹೇಳಿದ್ದನ್ನು, ಮುಂದಿನ ಅವರ ಮಾತುಗಳನ್ನೂ, ಮರಾಠಿಯಿಂದ ನಮ್ಮ ಮಾತಿಗೆ ತಂದು ಹೇಳುತ್ತೇನೆ.

"ಮುಂದಿನ ತಿಂಗಳ ಎರಡೂ ಮೊಣಕಾಲಿಗೆ ಆಪರೇಶನ್ ಐತ್ರಿ. ಇನ್ನ ಗುಡ್ಡ ಸಾಕು ಅಂದಾನ ಡಾಕ್ಟರ್. ಮೂವತ್ತ ವರ್ಷ ಏರೇನಿ. ಇದ ಕಡೀದು. ಸಣ್ಣದೈತಿ ಅಂತ ಇದನ್ನ ಆರಿಸೇನಿ. ಇದೊಂದು ನನ್ನ ಕಾಲ ಮ್ಯಾಲ ಏರಿದ್ರ ಸಾಕ ನೋಡ್ರಿ, ಮತ್ತೇನೂ ಬ್ಯಾಡ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಊಟಕ್ಕೆ ಬಡಿಸುವಾಗ ಕಾಕಾನಿಗೆ ಒಂದಕ್ಷರ ಬಿಡದೆ ಎಲ್ಲವನ್ನೂ ಹೇಳಿದಳು. ಕಾಕಾನ ಕಿವಿಗೆ ಬಿದ್ದದ್ದು ಮೊಣಕಾಲು ಒಂದೇ. ಕೈ ತೊಳೆದವನೇ ನನ್ನ ಹತ್ತಿರ ಬಂದ.

"ಶಾಲಿ ಕೀಲಿಕೈ ಕೊಡು."

"ಯಾಕ ಕಾಕಾ?"

"ಕೊಡು ಅಂದ್ರ ಕೊಡಲೇ."

ಕೊಟ್ಟೆ. ನಮ್ಮ ಮನೆಯಲ್ಲಿ ಅವನಿಗೆ ಎರಡನೇ ಪ್ರಶ್ನೆ ಕೇಳುವ ರೂಢಿ ಇರಲಿಲ್ಲ.

ಬೆಳಿಗ್ಗೆ ಅಂಗಳದಲ್ಲಿ ನಮ್ಮ ಹೆಡ್ ಮಾಸ್ತರರ ಕೈಕುರ್ಚಿ ನಿಂತಿತ್ತು. ಇನ್ಸ್‌ಪೆಕ್ಟರ್ ಬಂದಾಗಲೂ ಅವರು ಬಿಟ್ಟುಕೊಡದ ಕುರ್ಚಿ ಅದು. ಅದರ ಎರಡೂ ಮಗ್ಗುಲಿಗೆ ಉದ್ದನೆಯ ಬಿದಿರು ಬಿಗಿದಿದ್ದರು. ಮೇಲೆ ಮೆತ್ತನೆಯ ಗಾದಿ, ಕೈಗಳಿಗೆ ಚೆಂಡುಹೂವಿನ ಮಾಲೆ. ಹೊರಲು ನಮ್ಮ ಹೊಲದ ನಾಲ್ಕು ಗಟ್ಟಿ ಆಳುಗಳು, ಮುಂದೆ ಬಾರಿಸಲು ಹಲಗೆಯವನೊಬ್ಬ. ತಲೆಗೆ ಹೊಸ ಪಟಕಾ ಸುತ್ತಿಕೊಂಡು ಕಾಕಾ ಮದುವೆಯ ಯಜಮಾನನ ಹಾಗೆ ನಿಂತಿದ್ದ.

ಬಾಯಿ ಹೊರಗೆ ಬಂದರು. ಹೂವು ನೋಡಿದರು, ಬಿದಿರು ನೋಡಿದರು, ನಾಲ್ಕು ಮಂದಿಯನ್ನು ಎಣಿಸಿದರು.

"ನಾ ಇನ್ನೂ ಸತ್ತಿಲ್ರಿ" ಎಂದರು.

ನಾಲ್ವರೂ ಬಿದಿರು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಕಾಕಾ ಮಾತ್ರ ಸೋಲಲಿಲ್ಲ. "ಹಂಗಲ್ರಿ ಬಾಯಾರ, ನಿಮ್ಮ ಮೊಣಕಾಲು..." ಎಂದು ಶುರುಮಾಡಿದ.

"ನಕೋ" ಎಂದರು ಬಾಯಿ. ನಮ್ಮ ಗಡಿಯ ಎರಡೂ ಬದಿಗೆ ತೊಟ್ಟಿಲ ಕೂಸಿಗೂ ಬೇಡ ಎಂದು ತಿಳಿಯುವ ಶಬ್ದ ಅದು.

ಕಾಕಾನ ಮುಖ ಇಳಿಯಿತು. ತಂಬಾಕು ಒಣಹಾಕಿದಾಗ ಮಳೆ ಬಿದ್ದ ವರ್ಷ ಮಾತ್ರ ಅವನ ಆ ಮುಖ ನೋಡಿದ್ದೆ. ಬಾಯಿಗೂ ಅಯ್ಯೋ ಅನಿಸಿರಬೇಕು. "ಹಿಂದ ಬರ್ಲಿ ಬಿಡ್ರಿ. ಆಗದಿದ್ರ ಕೂಡ್ತೇನಿ" ಎಂದುಬಿಟ್ಟರು. ಮರ್ಯಾದೆಯ ಮಂದಿ ಮಾಡುವ ತಪ್ಪು ಇದು. ಪೂರ್ತಿ ಬೇಡ ಎನ್ನಲು ಅವರಿಗೆ ಬರುವುದಿಲ್ಲ.

ಮೆರವಣಿಗೆ ಹೊರಟಿತು. ತಂಡದ ಉಳಿದವರು ಮುಂದೆ ಹೋದರು. ಅವರ ಹಿಂದೆ ಬಾಯಿ, ಕೋಲೂರಿಕೊಂಡು, ನಿಧಾನವಾಗಿ. ಪಕ್ಕದಲ್ಲಿ ಕಾಕಾ ಮತ್ತು ನಾನು. ನಮ್ಮ ಹಿಂದೆ ನಾಲ್ಕು ಹೆಗಲ ಮೇಲೆ ಖಾಲಿ ಕುರ್ಚಿ. ಹಲಗೆಯವನಿಗೆ ಯಾರೂ ಬೇಡವೆಂದು ಹೇಳಿರಲಿಲ್ಲವಾದ್ದರಿಂದ ಅವನು ಬಾರಿಸುತ್ತಲೇ ಇದ್ದ.

ಕುರುಬರ ಮೊದಲ ಮನೆಯಲ್ಲೇ ಅನಾಹುತ ಆಯಿತು. ಹಲಗೆ ಕೇಳಿಸಿತು, ಹೂವು ಕಂಡಿತು, ನಾಲ್ಕು ಹೆಗಲು ಕಂಡವು. ಮನೆಯ ಹೆಂಗಸರು ಕೊಡ ತುಂಬಿಕೊಂಡು ಓಡಿಬಂದು, ಪಲ್ಲಕ್ಕಿ ಬಂದಾಗ ಮಾಡುವಂತೆ, ಹೊತ್ತವರ ಕಾಲಿಗೆ ನೀರು ಸುರಿದರು. ಮುದುಕಿಯೊಬ್ಬಳು ಕುರ್ಚಿಯ ಮೇಲೆ ಭಂಡಾರದ ಅರಿಷಿಣ ಹಿಡಿತುಂಬ ತೂರಿ ಅಡ್ಡಬಿದ್ದಳು. ಅದು ದೇವರಲ್ಲ, ಹೆಡ್ ಮಾಸ್ತರರ ಕುರ್ಚಿ ಎಂದು ವಿವರಿಸುವಷ್ಟರಲ್ಲಿ ಎರಡನೇ ಮನೆಯವರು ಕಾಯಿ ಹಿಡಿದು ನಿಂತಿದ್ದರು. ಮೂರನೇ ಮನೆಯ ಹೊತ್ತಿಗೆ ಹೊತ್ತವರಿಗೆ ವಿವರಿಸಿ ಸಾಕಾಗಿತ್ತು. "ಯಾ ದೇವ್ರೋ ಇದು?" ಎಂದು ಕೇಳಿದವಳಿಗೆ ಅವರಲ್ಲೊಬ್ಬ, "ಪುಣೆ ದೇವ್ರಬೇ, ಲಗೂನ ನೀರ ಹಾಕು" ಎಂದ. ಬಾಯಿ ಕೋಲಿಗೆ ಹಣೆ ಹಚ್ಚಿ ನಕ್ಕರು. ಐದೂ ಮನೆಗಳಲ್ಲಿ ಅವರು ಚಹಾ ಕುಡಿದರು, ನಿಂತೇ ಕುಡಿದರು. ಕೂತರೆ ಮೊಣಕಾಲು ಹಿಡಿದುಕೊಂಡುಬಿಡುತ್ತವೆ ಎಂದರು.

ಕಾಕಾ ಕಾಲ್ನಡಿಗೆಯಲ್ಲಿ ಗುಡ್ಡ ಏರಿ ಹದಿನೈದು ವರ್ಷವಾಗಿತ್ತು. ಮೊದಮೊದಲು ಹತ್ತು ಹೆಜ್ಜೆಗೊಮ್ಮೆ, "ದಣದೀರಿ ಬಾಯಾರ, ಒಂದೀಟ ಕುರ್ಚಿ ಮ್ಯಾಲ ಕೂಡ್ರಿ" ಎನ್ನುತ್ತಿದ್ದ. ಬಾಯಿ "ನಕೋ" ಎನ್ನುತ್ತಿದ್ದರು. ಏರು ಹೆಚ್ಚಿದಂತೆ ಅವನ ಮಾತು "ಕೂಡ್ರಿ ಬಾಯಾರ" ಎಂಬಷ್ಟಕ್ಕೆ ಇಳಿಯಿತು, ಆಮೇಲೆ "ಕೂಡ್ರಿ" ಆಯಿತು. ಕೊನೆಕೊನೆಗೆ ಅವನು ಏದುಸಿರು ಬಿಡುತ್ತಾ ಕುರ್ಚಿಯ ಕಡೆ ಕೈ ಮಾತ್ರ ತೋರಿಸುತ್ತಿದ್ದ. ಅವರು ತಲೆ ಮಾತ್ರ ಅಲ್ಲಾಡಿಸುತ್ತಿದ್ದರು.

ಗುಡಿಯ ಕೆಳಗೆ ಕಡೆಯದೊಂದು ಏರು ಇದೆ. ಬರೇ ಬಂಡೆಗಲ್ಲು, ಒಂದರ ಮೇಲೊಂದು. ಹೆಚ್ಚಿಲ್ಲ, ನಮ್ಮ ಶಾಲೆಯ ಮಕ್ಕಳು ಒಂದೇ ಉಸಿರಿಗೆ ಓಡಿಬಿಡುತ್ತಾರೆ. ಬಾಯಿ ಮೊದಲ ಕಲ್ಲಿನ ಮೇಲೆ ಕಾಲಿಟ್ಟರು. ಮೈ ಮೇಲೇಳಲಿಲ್ಲ. ಇನ್ನೊಂದು ಕಾಲಿಟ್ಟು ನೋಡಿದರು. ಅದೂ ಏಳಲಿಲ್ಲ. ಎರಡೂ ಕೈಯಲ್ಲಿ ಕೋಲು ಹಿಡಿದು ಮೇಲೆ ನೋಡುತ್ತಾ ನಿಂತರು. ಹಲಗೆ ನಿಂತಿತು. ಹೊತ್ತವರು ಒಳ್ಳೆಯ ಮನುಷ್ಯರು. ಸದ್ದು ಮಾಡದೆ ಬಂದು ಕುರ್ಚಿಯನ್ನು ಸರಿಯಾಗಿ ಅವರ ಬೆನ್ನ ಹಿಂದೆ ಇಳಿಸಿದರು.

ಬಾಯಿ ತಿರುಗಿ ಕುರ್ಚಿ ನೋಡಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಕೂಡ್ತೇನಿ ಎಂದು ತಾವೇ ಮಾತು ಕೊಟ್ಟಿದ್ದರು, ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ಅವರು ಕೂತರೆ ನಮಗೆಲ್ಲ ಸಮಾಧಾನ, ಅವರೊಬ್ಬರನ್ನು ಬಿಟ್ಟು. ಕುರ್ಚಿ ದೂರ ಒಯ್ಯಿರಿ ಎಂದು ಹೇಳಬೇಕಾದವನು ನಾನೇ. ನಾನು ಬಗ್ಗಿ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳತೊಡಗಿದೆ.

ಅಷ್ಟರಲ್ಲಿ ಕಾಕಾ ಅವರನ್ನು ಸುತ್ತುಹಾಕಿ ಬಂದು, ಧಪ್ಪನೆ ತಾನೇ ಕುರ್ಚಿಯ ಮೇಲೆ ಕೂತುಬಿಟ್ಟ.

ಬಿದಿರು ಕಿರ್ರೆಂದವು. ಇವನಿಗೇ ಏನೋ ಆಯಿತೆಂದು ನಾನು ಹೆದರಿ, "ಕಾಕಾ, ಏಳು" ಎಂದೆ.

"ಸುಮ್ನಿರಲೇ" ಎಂದ. ಆಮೇಲೆ ಬಾಯಿಯ ಮುಖ ನೋಡದೆ, ನೆಲ ನೋಡುತ್ತಾ ಹೇಳಿದ: "ಬಾಯಾರ, ಕುರ್ಚಿ ತುಂಬೇತ್ರಿ. ಇನ್ನ ನಿಮಗ ಜಾಗಾ ಇಲ್ಲ. ನಡೀರಿ." ಆಳುಗಳ ಕಡೆ ತಿರುಗಿ, "ಎತ್ರಿಲೇ" ಎಂದ.

ಬಾಯಿ ಅವನನ್ನು ಒಂದು ಗಳಿಗೆ ನೋಡಿದರು. ಸೆರಗಿನಿಂದ ಮೂಗೊರೆಸಿಕೊಂಡರು. ಕೋಲನ್ನು ನನ್ನ ಕೈಗೆ ಕೊಟ್ಟು, ಬಂಡೆಗೆ ಎರಡೂ ಕೈ ಹಚ್ಚಿ, ಅಡ್ಡಲಾಗಿ ಕಾಲಿಟ್ಟು, ಕೂಸು ಮೆಟ್ಟಿಲು ಹತ್ತುವ ಹಾಗೆ ಒಂದು ಕಲ್ಲು ಏರಿದರು. ನಿಂತು, ಇನ್ನೊಂದು ಏರಿದರು. ಹಿಂದೆ ನಾಲ್ವರು ಹಲ್ಲುಕಚ್ಚಿ ಕಾಕಾನನ್ನು ಎತ್ತಿದರು. ಹಲಗೆಯವನು ಯಾರನ್ನೂ ಕೇಳದೆ ಮತ್ತೆ ಬಾರಿಸತೊಡಗಿದ. ಕಾಕಾ ಕಣ್ಣು ಮುಚ್ಚಿ, ಕುರ್ಚಿಯ ಕೈ ಬಿಗಿಹಿಡಿದು, "ಬೀರಪ್ಪಾ, ಬೀರಪ್ಪಾ" ಎನ್ನುತ್ತಾ ಅತ್ತ ಇತ್ತ ವಾಲುತ್ತಿದ್ದ. ಮೇಲೆ ಕಾದಿದ್ದ ಪುಣೆಯ ಹುಡುಗರಿಗೆ ಕಂಡದ್ದು ಇಷ್ಟು: ಕಲ್ಲಿನಿಂದ ಕಲ್ಲಿಗೆ ತೆವಳುತ್ತಾ ಬರುತ್ತಿರುವ ಒಬ್ಬ ಮುದುಕಿ, ಅವಳ ಹಿಂದೆ ಹೂವಿನ ಕುರ್ಚಿಯಲ್ಲಿ ಅರಿಷಿಣ ಬಡಿದುಕೊಂಡ ಒಬ್ಬ ದಪ್ಪ ಗೌಡ. ಒಬ್ಬ ಫೋಟೋ ಕೂಡ ತೆಗೆದ.

ಬಾಯಿ ಗುಡಿಯ ಹೊಸ್ತಿಲು ಮುಟ್ಟಿ, ಅಲ್ಲೇ ಬರೀ ಬಂಡೆಯ ಮೇಲೆ ಕಾಲು ಚಾಚಿ ಕೂತರು. ನಗುತ್ತಿದ್ದರು, ಅಳುತ್ತಿದ್ದರು, ಎರಡೂ.

ಆ ಚಳಿಗಾಲವೆಲ್ಲ ಕ್ರಾಸಿನ ಚಹಾದಂಗಡಿಯಲ್ಲಿ ಒಂದೇ ಮಾತು. "ಬಂದ ಹೆಣ್ಣಮಗಳು ಕೈಕಾಲೂರಿ ನಡದ್ಲಂತ, ಮನಿ ಯಜಮಾನ ಪಲ್ಲಕ್ಕಿ ಏರಿದನಂತ." ನಿಪ್ಪಾಣಿಯ ತಂಬಾಕು ಪೇಟೆಯಲ್ಲೂ ಕಾಕಾನನ್ನು ನಿಲ್ಲಿಸಿ ಕೇಳಿದರು. ಹೆಡ್ ಮಾಸ್ತರರು ಕುರ್ಚಿಯ ಸಂದಿಯಲ್ಲಿ ಉಳಿದ ಅರಿಷಿಣ ತಮ್ಮ ಬಿಳಿ ಪೈಜಾಮಕ್ಕೆ ಹತ್ತಿದ್ದಕ್ಕೆ ವರ್ಷಗಟ್ಟಲೆ ನನ್ನ ಮೇಲೆ ಉರಿದರು. ಕಾಕಾ ಯಾಕೆ ಕೂತನೆಂದು ಯಾರಿಗೂ ಹೇಳಲಿಲ್ಲ. ಬೈಸಿಕೊಂಡ, ನಗೆಗೀಡಾದ. ಅದು ಅವನಿಗೆ ಎಷ್ಟು ಕಷ್ಟದ ಕೆಲಸವಾಗಿತ್ತೆಂದು ಬಲ್ಲ ನನಗೆ ಅವನ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಆದರೆ ಇದೆಲ್ಲ ಆಮೇಲಿನದು. ಅವತ್ತು ಗುಡ್ಡದ ಮೇಲೆ ಅವನು ಕುರ್ಚಿಯಿಂದ ಇಳಿದವನೇ, ತಪ್ಪು ಮಾಡಿದವನ ಹಾಗೆ ದೂರ ಹೋಗಿ ಗುಡಿಯ ಹಿಂದೆ ಒಬ್ಬನೇ ಕೂತುಬಿಟ್ಟಿದ್ದ. ಹೊತ್ತೇರಿತು. ಇಳಿಯಲು ಎಲ್ಲರೂ ಎದ್ದರು. ಬಾಯಿ ಮಾತ್ರ ಏಳಲಿಲ್ಲ. ಅವನನ್ನು ಕರೆಯಿರಿ ಎಂದು ನನ್ನನ್ನು ಕಳಿಸಿದರು. ಕಾಕಾ ತಲೆ ತಗ್ಗಿಸಿಕೊಂಡು ಬಂದು ನಿಂತ.

"ಏರೂದು ನನ್ನದಿತ್ತು, ಏರಿದೆ" ಎಂದರು ಬಾಯಿ. "ಇಳಿಸೂದು ನಿಮ್ಮದು. ಎಲ್ಲೈತ್ರಿ ನನ್ನ ಕುರ್ಚಿ?"

ಕಾಕಾನಿಗೆ ಒಂದು ಕ್ಷಣ ತಿಳಿಯಲೇ ಇಲ್ಲ. ತಿಳಿದ ಮೇಲೆ ತಲೆಯ ಪಟಕಾ ಬಿಚ್ಚಿ, ಅದರಿಂದಲೇ ಗಾದಿಯ ಮೇಲಿನ ಅರಿಷಿಣ ಒರೆಸಿದ, ಎರಡೆರಡು ಸಲ ಒರೆಸಿದ. ಅವರನ್ನು ಕೂಡಿಸಿ, ಮುಂದಿನ ಆಳೊಬ್ಬನನ್ನು ಪಕ್ಕಕ್ಕೆ ತಳ್ಳಿ, ಬಿದಿರಿಗೆ ತನ್ನ ಹೆಗಲು ಕೊಟ್ಟ. ಮನೆಯ ಬಾಗಿಲು ಮುಟ್ಟುವವರೆಗೂ ಆ ಜಾಗವನ್ನು ಯಾರಿಗೂ ಬಿಟ್ಟುಕೊಡಲಿಲ್ಲ.