ಸುಮಳ ಹೆಸರಿನಲ್ಲಿ ನಾನು ಮಾಡಿಸಿದ ಸಂಕಲ್ಪ

ಸುಮಳ ಕಾಯಿಲೆಯ ಗುಟ್ಟನ್ನು ಊರಿಗೆ ಮುಟ್ಟಿಸಿದವಳು ನಾನು. ಆಸ್ಪತ್ರೆಯಲ್ಲ, ಆಸ್ಪತ್ರೆಯ ಕಂಪ್ಯೂಟರಿಗೆ ಕನ್ನ ಹಾಕಿದ ಕಳ್ಳರೂ ಅಲ್ಲ – ಅವರು ಮಾಡಿದ ತಪ್ಪು ಬೇರೆ. ನಮ್ಮೂರಿನ ಹೆಂಗಸರ ಕಿವಿಗೆ ಅದು ಬಿದ್ದದ್ದು ನನ್ನಿಂದ. ಅದೂ ದೇವರ ಎದುರಿಗೆ, ಕೈಮುಗಿದುಕೊಂಡು.

ಸುಮ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮಾವನವರ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದ ಮನೆ ನಮ್ಮದು. ಶುಂಠಿ, ಜೋಳ, ಹಿತ್ತಿಲಲ್ಲಿ ಒಂದಿಷ್ಟು ಕಾಫಿ. ಅಂಗಳ ಒಂದೇ, ಅಡುಗೆಮನೆ ಎರಡು. ಸಂಜೆ ದೀಪ ಹಚ್ಚಿದ ಮೇಲೆ ಅವತ್ತು ಸಿಕ್ಕ ಸಣ್ಣಪುಟ್ಟ ಉಪಕಾರಗಳನ್ನು ದೇವರಿಗೆ ಬಾಯಿಬಿಟ್ಟು ಹೇಳಿಕೊಳ್ಳುವುದು ನನ್ನ ರೂಢಿ – ಹಪ್ಪಳ ಒಣಗುವಷ್ಟು ಬಿಸಿಲು ಬಂತು, ಅತ್ತೆ ಎರಡು ತುತ್ತು ಹೆಚ್ಚು ಉಂಡರು, ಆನೆ ನಮ್ಮ ಜಮೀನು ಬಿಟ್ಟು ಪಕ್ಕದವರದ್ದಕ್ಕೆ ಹೋಯಿತು. ಹೀಗೆ. ಭಕ್ತೆ ಎಂದು ನನ್ನನ್ನು ನಾನೇ ಅಂದುಕೊಂಡಿದ್ದೆ.

ಆದರೆ ಸುಮಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವಳು ನನಗೇನೂ ಮಾಡಿರಲಿಲ್ಲ, ಅದೇ ಕಷ್ಟ. ಹತ್ತಿರದ ನರ್ಸರಿ ಶಾಲೆಯಲ್ಲಿ ಟೀಚರ್ ಆಗಿದ್ದಳು. ಬೆಳಿಗ್ಗೆ ಸ್ಕೂಟರ್ ಹತ್ತಿ ಹೊರಟರೆ ಅಂಗಳವೇ ಅವಳ ಹಿಂದೆ ಹೋದಂತೆ ಅನಿಸುತ್ತಿತ್ತು. "ಅಮ್ಮಾ, ಚಿಕ್ಕಮ್ಮನ ಹತ್ರ ಜಡೆ ಹಾಕಿಸ್ಕೊತೀನಿ, ನೀನು ಎಳೀತೀಯ" ಎಂದು ನನ್ನ ಮಗಳೇ ಬಾಚಣಿಗೆ ಹಿಡಿದು ಆ ಕಡೆ ಓಡುತ್ತಿದ್ದಳು. ಒಂದು ದಿನ ಸುಮ, "ಅತ್ತೆ, ನಿಮ್ ಗೊರಕೆ ಕೇಳೇ ಆನೆ ಓಡೋಗ್ತವೆ, ಬೇಲಿಗೆ ಯಾಕೆ ಕರೆಂಟು ದಂಡ?" ಅಂದಳು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಆ ಮಾತು ಆಡಿದ್ದರೆ ವಾರಗಟ್ಟಲೆ ಮಾತು ಬಿಡುತ್ತಿದ್ದರು.

ಆಮೇಲೆ ಕಳಶದ ವಿಷಯ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶ ಇಡುವುದು ನಮ್ಮಲ್ಲಿ ಅತ್ತೆಯ ನಂತರ ಹಿರಿಸೊಸೆ. ಅತ್ತೆಗೆ ಮಂಡಿ ಹಿಡಿದ ವರ್ಷ, "ಸುಮನ ಕೈ ಚೊಕ್ಕಟ ಕಣವ್ವ, ಅವಳೇ ಇಡ್ಲಿ" ಎಂದುಬಿಟ್ಟರು. ನಾನು ತೆಂಗಿನಕಾಯಿಗೆ ಅರಿಶಿನ ಹಚ್ಚಿ ಅವಳ ಕೈಗೆ ಕೊಟ್ಟೆ. ನಗುತ್ತಲೇ ಕೊಟ್ಟೆ –

ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ರೋಗಿಗಳ ಮಾಹಿತಿ ಸೋರಿದ ಸುದ್ದಿ ಬಂದದ್ದು ಅದರ ಮುಂದಿನ ವರ್ಷ, ಮಳೆ ಹಿಡಿದ ಹೊತ್ತಿಗೆ. ನಮ್ಮ ಭಜನೆಯ ಹೆಂಗಸರ ವಾಟ್ಸಾಪ್ ಗುಂಪಿಗೂ ಯಾರೋ ಆ ಫೈಲು ಹಾಕಿದರು. "ನಮ್ ಕಡೆಯೋರ ಹೆಸರೂ ಅವೆಯಂತೆ ನೋಡ್ರಮ್ಮ" ಎಂದು ಬೇರೆ. ಗುಂಪು ನಡೆಸುವವರು ಬೈದು, ಬೇಗನೆ ಅಳಿಸಿದರು. ಅಷ್ಟರಲ್ಲಿ ನಾನು ಇಳಿಸಿಕೊಂಡಿದ್ದೆ.

ಏಕೆ ಹುಡುಕಿದೆನೋ – ಇಲ್ಲ, ಏಕೆಂದು ನನಗೆ ಗೊತ್ತು. ಸುಮ ಆಗಾಗ ಗಂಡನ ಜೊತೆ ಮೈಸೂರಿಗೆ ಹೋಗಿ ಬರುತ್ತಿದ್ದಳು, ಕೇಳಿದರೆ ಬಟ್ಟೆ ತರಲು ಎನ್ನುತ್ತಿದ್ದಳು. ಫೈಲಿನಲ್ಲಿ ಅವಳ ಹೆಸರು ತವರಿನ ಇನಿಷಿಯಲ್ ಹಾಕಿ ಬರೆದಿತ್ತು, ಬೇರೆಯವರಿಗೆ ಗುರುತು ಹತ್ತುವಂತಿರಲಿಲ್ಲ. ಫೋನ್ ನಂಬರಿನಿಂದ ನನಗೆ ತಿಳಿಯಿತು. ಮನೋರೋಗ ವಿಭಾಗ. ಮಾತ್ರೆಗಳ ಹೆಸರು. ಮೂರನೇ ಬಸಿರು ಇಳಿದ ಮೇಲೆ ಶುರುವಾದ ಖಿನ್ನತೆ ಎಂದು ಒಂದು ಸಾಲು. ಬಸಿರು ಇಳಿದದ್ದೇ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆಗಲಾದರೂ ನನ್ನ ಕರುಳು ಚುರ್ ಎನ್ನಬೇಕಿತ್ತು. ಎನ್ನಲಿಲ್ಲ. ನನ್ನ ಕಣ್ಣು ಇನ್ನೊಂದು ಕಡೆ ನಿಂತಿತ್ತು – ಜೊತೆಗೆ ಬಂದವರು: ಗಂಡ. ಪ್ರತಿ ಸಲವೂ, ಗಂಡ. ನನಗೆ ಗರ್ಭಕೋಶ ತೆಗೆದಾಗ ಜೊತೆಗೆ ಇದ್ದದ್ದು ನನ್ನ ಅಣ್ಣನ ಹೆಂಡತಿ. ನನ್ನ ಗಂಡನಿಗೆ ಶುಂಠಿ ಕೀಳುವ ಕೆಲಸವಿತ್ತು. ಅವಳ ಕಾಯಿಲೆಗೂ ಹೊಟ್ಟೆ ಉರಿಸಿಕೊಂಡವಳು ನಾನು.

ನಮ್ಮ ದೇವಸ್ಥಾನದಲ್ಲಿ ಶುಕ್ರವಾರ ಭಜನೆ ಮುಗಿದ ಮೇಲೆ ಸಾಮೂಹಿಕ ಅರ್ಚನೆ. ಗರ್ಭಗುಡಿಯ ಬಾಗಿಲಲ್ಲಿ ಹೆಸರು, ನಕ್ಷತ್ರ, ಏನು ಕೋರಿಕೆ ಎಂದು ಮೆಲ್ಲಗೆ ಹೇಳಿದರೆ ಐನೋರು ಮೈಕಿನಲ್ಲಿ ಸಂಕಲ್ಪ ಮಾಡುತ್ತಾರೆ. ನೂಕುನುಗ್ಗಲಿನಲ್ಲಿ ಯಾರ ಹೆಸರು ಯಾರು ಕೊಟ್ಟರೆಂದು ಯಾರೂ ನೋಡುವುದಿಲ್ಲ. ಅವತ್ತು ಸುಮ ಮುಟ್ಟಾಗಿದ್ದರಿಂದ ಬಂದಿರಲಿಲ್ಲ. ನಾನು ಅವಳ ಹೆಸರು, ನಕ್ಷತ್ರ, ನಮ್ಮ ಮನೆತನ ಹೇಳಿದೆ.

"ಏನು ಅಂತ ಸಂಕಲ್ಪ ಮಾಡ್ಲಮ್ಮಾ?"

"ಮನೋರೋಗ ವಾಸಿಯಾಗ್ಲಿ ಅಂತ."

ಐನೋರು ತಲೆ ಎತ್ತಿದರು. "ಬರೀ ಆರೋಗ್ಯ ಅಂದ್ರೆ ಸಾಕಲ್ವೇನಮ್ಮಾ? ಮೈಕ್ ಇದೆ."

"ದೇವರ ಮುಂದೆ ಬಿಡಿಸಿ ಹೇಳ್ಬೇಕಲ್ವಾ ಐನೋರೇ" ಅಂದೆ.

ಆ ಮಾತು ನನ್ನ ಬಾಯಿಂದ ಎಷ್ಟು ಮೆತ್ತಗೆ ಬಂತು! ಅವರು ಹೇಳಿದರು. ಭಜನೆಯ ಹೆಂಗಸರ ತಲೆಗಳು ಒಂದರ ಪಕ್ಕ ಒಂದು ವಾಲಿದವು. "ಅದ್ಕೇ ಕಣೆ ಅವ್ಳು ಅಷ್ಟೊಂದು ನಗ್ತಿದ್ದಿದ್ದು" ಎಂದು ನನ್ನ ಹಿಂದೆ ಯಾರೋ ಪಿಸುಗುಟ್ಟಿದರು. ನಾನು ಕಣ್ಣು ಮುಚ್ಚಿ ಮಂಗಳಾರತಿ ತೆಗೆದುಕೊಂಡೆ. ಆ ಸಂಜೆ ದೇವರಿಗೆ ಹೇಳಿಕೊಂಡ ಉಪಕಾರಗಳಲ್ಲಿ ಅದೂ ಒಂದಾಗಿತ್ತು. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೆ ಆಗಿತ್ತು.

ಆಮೇಲಿನದು ಬೇಗ ಬೇಗ ಆಯಿತು. ಶಾಲೆಯ ಮೇಡಂ ಕೂಡ ಭಜನೆಗೆ ಬರುವವರೇ. "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಮಿಸ್, ಪೇರೆಂಟ್ಸ್ ಕೇಳ್ತಾ ಇದಾರೆ" ಎಂದರು; ಮತ್ತೆ ಕರೆಯಲಿಲ್ಲ. ಹಬ್ಬಕ್ಕೆ ಅತ್ತೆ ಕಳಶದ ಚೊಂಬನ್ನು ನನ್ನ ಮುಂದಿಟ್ಟರು. "ಅವಳಿಗೆ ಯಾಕೆ ತೊಂದ್ರೆ, ನೀನೇ ಇಡವ್ವ." ಇಟ್ಟೆ. ಸುಮ ಬಾಗಿಲ ಬಳಿ ನಿಂತು ನೋಡಿದಳು. ಬೇಕಾದದ್ದು ಕೈಗೆ ಬಂದಿತ್ತು, ಖುಷಿ ಬರಲಿಲ್ಲ – ಹಾಗೆಂದರೆ ಸುಳ್ಳಾಗುತ್ತದೆ. ಬಂತು. ಆರತಿ ಎತ್ತುವವರೆಗೂ ಇತ್ತು.

ಆಸ್ಪತ್ರೆಯವರು ನಿಮ್ಮ ಮಾಹಿತಿ ಹೊರಗೆ ಹೋಗಿರಬಹುದು ಎಂದು ಸುಮಳಿಗೆ ಮೆಸೇಜು ಕಳಿಸಿದ್ದರು. ಎರಡು ವರ್ಷ ಆಗುತ್ತಾ ಬಂದ ಮೇಲೆ ಅವಳು ಅದನ್ನು ಹಿಡಿದುಕೊಂಡು, ಮೊನ್ನೆ ಮಡಿಕೇರಿಯ ಒಬ್ಬ ವಕೀಲೆಯ ಬಳಿಗೆ ಹೊರಟಳು. ಮೈದುನನಿಗೆ ಬಿಡುವಿರಲಿಲ್ಲ. "ಅಕ್ಕಾ, ಒಬ್ಳೇ ಹೋಗಕ್ಕೆ ಭಯ, ಬರ್ತೀರಾ?" ಎಂದಳು. ನನ್ನನ್ನೇ ಕರೆದಳು.

ವಕೀಲೆ ಸಮಾಧಾನವಾಗಿ ತಿಳಿಸಿದರು. ಮೊದಲು ಆಸ್ಪತ್ರೆಗೇ ಬರೆದು, ಏನೇನು ಸೋರಿದೆ ಎಂದು ಲಿಖಿತವಾಗಿ ಕೇಳಬೇಕು. ಕನ್ನ ಹಾಕಿದವರ ಮೇಲೆ ಸೈಬರ್ ಪೊಲೀಸರಿಗೆ ದೂರು. ಮನಸ್ಸಿನ ಕಾಯಿಲೆಯ ವಿವರ ಗುಟ್ಟಾಗಿಡಬೇಕೆಂದು ಕಾನೂನೇ ಇದೆ. ಮಾಹಿತಿ ರಕ್ಷಣೆಗೆ ಹೊಸ ಕಾನೂನು ಹಂತಹಂತವಾಗಿ ಜಾರಿಗೆ ಬರುತ್ತಿದೆ, ಆದರೆ ಅಲ್ಲಿ ಹಾಕುವ ದಂಡ ಸರ್ಕಾರಕ್ಕೆ ಹೋಗುತ್ತದೆ, ರೋಗಿಗಲ್ಲ. ಪರಿಹಾರ ಬೇಕೆಂದರೆ ಗ್ರಾಹಕರ ಆಯೋಗ. ಅದಕ್ಕೆ ಎರಡು ವರ್ಷದ ಗಡುವು, ಮುಗಿಯುತ್ತಾ ಬಂದಿದೆ. ವಿಷಯ ಹರಡಿದವರ ಮೇಲೆ ಬೇಕಾದರೆ ಸಿವಿಲ್ ಕೋರ್ಟಿನಲ್ಲಿ ಬೇರೆ ದಾವೆ.

"ಆದ್ರೆ ನೋಡಿ ಸುಮಾ, ಅವರ ವಕೀಲರು ಏನು ಹೇಳ್ತಾರೆ ಗೊತ್ತಾ? ಫೈಲು ಸೋರಿದ್ದು ನಿಜ, ಈಕೆಯ ಕೆಲಸ ಹೋಗಿದ್ದು ದೇವಸ್ಥಾನದ ಮೈಕಿನಿಂದ, ನಮಗೂ ಅದಕ್ಕೂ ಏನು ಸಂಬಂಧ ಅಂತಾರೆ. ಫೈಲು ನೋಡಿ ಅಲ್ಲಿ ಹೆಸರು ಕೊಟ್ಟ ಆ ಒಬ್ಬರು ಬೇಕು. ಸಿಗದೇ ಇದ್ರೆ ಕೆಲಸದ ವಿಷಯ ಬಿಟ್ಟು ಹಾಕೋಣ."

ಸುಮ ನನ್ನ ಕಡೆ ತಿರುಗಿದಳು. "ಐನೋರನ್ನ ಕೇಳ್ದೆ, ನಿಮಗೆ ಒಳ್ಳೇದು ಬಯಸಿದವ್ರೇ ಅಂದ್ರು, ಹೆಸ್ರು ಹೇಳ್ಲಿಲ್ಲ. ಅಕ್ಕಾ, ನೀವು ಅವತ್ತು ಇದ್ರಲ್ವಾ? ಯಾರು ಅಂತ ನೋಡಿದ್ರಾ?"

"ನಾನು ಪಾನಕ ಹಂಚ್ತಿದ್ದೆ ಕಣೆ. ಗಮನಿಸ್ಲಿಲ್ಲ."

ಇದು ಎರಡನೆಯ ತಪ್ಪು, ಮೊದಲನೆಯದಕ್ಕಿಂತ ಕೆಟ್ಟದ್ದು. ಮೊದಲನೆಯದನ್ನು ಉರಿಯಲ್ಲಿ ಮಾಡಿದೆ, ಇದನ್ನು ತಣ್ಣಗೆ ಮಾಡಿದೆ. ಬರುವಾಗ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಹೀಗೆ ಒಬ್ಬರನ್ನು ನಂಬಿ ನಿದ್ದೆ ಮಾಡುವುದು ಇವಳಿಗೆ ಇನ್ನೂ ಬರುತ್ತದಲ್ಲ – ಆಗಲೂ ನನ್ನೊಳಗೆ ಎದ್ದದ್ದು ಆ ಹಳೆಯ ಉರಿಯೇ.

ಸುಮಾ, ಇದನ್ನು ಓದಿದ ಮೇಲೆ ಬುಧವಾರ ನೀನು ದೂರಿಗೆ ಸಹಿ ಹಾಕಲು ವಕೀಲೆಯ ಬಳಿಗೆ ಹೋಗುತ್ತೀಯ. ಕೆಲಸ ಹೋದದ್ದನ್ನು ದೂರಿನಿಂದ ಬಿಡಬೇಡ. ವಕೀಲೆ ಕೇಳಿದ ಆ ಒಬ್ಬರು ನಾನೇ. ಫೈಲು ಇನ್ನೂ ನನ್ನ ಫೋನಿನಲ್ಲಿದೆ. ಎಲ್ಲಿಂದ ಬಂತು, ಯಾವಾಗ ನೋಡಿದೆ, ಎಲ್ಲಿ ಹೇಳಿದೆ ಎಂದು ಯಾರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ. ಹರಡಿದವರ ಮೇಲಿನ ದಾವೆಯನ್ನು ನನ್ನ ಮೇಲೆ ಹಾಕು. ಮನೆ ಮರ್ಯಾದೆ ಎಂದು ಅತ್ತೆ ಅಳುತ್ತಾರೆ, ನಿನ್ನ ಭಾವ ಕೂಗಾಡುತ್ತಾರೆ, ಕೇಳಬೇಡ. ನಿನ್ನ ಮರ್ಯಾದೆ ಹೋದಾಗ ಈ ಮನೆಯಲ್ಲಿ ಯಾರೂ ಕೂಗಾಡಲಿಲ್ಲ.

ಕ್ಷಮಿಸು ಎಂದು ಬರೆದು ಹೊಡೆದು ಹಾಕಿದೆ. ನೀನು ಕ್ಷಮಿಸಿಬಿಡುತ್ತೀಯ, ಅಷ್ಟು ದೊಡ್ಡ ಮನಸ್ಸು ಇವಳಿಗೇ ಏಕೆ ಕೊಟ್ಟೆ ಎಂದು ನಾನು ದೇವರನ್ನು ಕೇಳುತ್ತೇನೆ – ನನ್ನನ್ನು ನಾನು ಬಲ್ಲೆ. ಆದ್ದರಿಂದ ಕ್ಷಮೆ ಕೇಳುವುದಿಲ್ಲ. ಬುಧವಾರ ನೀನು ನನ್ನ ಜೊತೆ ಹೊರಡದಿದ್ದರೂ ಸರಿ, ವಕೀಲೆಯ ಆಫೀಸು ಬಾಗಿಲು ತೆರೆಯುವ ಹೊತ್ತಿಗೆ ನಾನು ಅಲ್ಲಿರುತ್ತೇನೆ.